ಅಪ್ಪಗ ಹಾದಿ ಕೊಡದ ಕಲ್ಲು

ಮೊದಲೇ ಹೇಳಿಬಿಡ್ತೀನಿ, ನಮ್ಮೂರಿನ ಹೆಸರು ನಾ ಬರಿಯಂಗಿಲ್ಲ. ಶಹಾಬಾದಿನಿಂದ ವಾಡಿ ಕಡೀಗೆ, ಚಿತ್ತಾಪುರ ಕಡೀಗೆ ಹೋಗೂ ದಾರ್ಯಾಗ ನೆಲ ಕೆದರಿದ್ರ ಮನಿಗೆ ಹಾಸೂ ಪರ್ಸಿ ಕಲ್ಲು ಸಿಗೂ ಊರು ಬೇಕಾದಷ್ಟವ. ಅದರಾಗ ಒಂದು ಅಂತ ತಿಳ್ಕೊಳ್ರಿ, ಸಾಕು. ಹುಡುಕಲಿಕ್ಕ ಹೋಗಬ್ಯಾಡ್ರಿ. ನಾನು ಸೇಡಂನ ಒಂದು ಹೈಸ್ಕೂಲಿನ್ಯಾಗ ವಿಜ್ಞಾನದ ಟೀಚರ್. ಕಲಬುರಗ್ಯಾಗ ಡಿಗ್ರಿ ಓದೂವಾಗ ಭೂಗರ್ಭಶಾಸ್ತ್ರ ತಗೊಂಡಿದ್ದೆ. ಪರ್ಸಿ ಖಣಿಯಾಗ ಕಲ್ಲು ಎಬ್ಬಿಸೂ ಮನಿಷ್ಯಾನ ಮಗಳು ಮತ್ತೇನು ತಗೋತಾಳ, ಹೇಳ್ರಿ.

ನಮ್ಮ ಕಡೆ ಮಣ್ಣು ಭಾಳ ತೆಳ್ಳಗ. ಕೆಲವು ಕಡೆ ಗೇಣು, ಕೆಲವು ಕಡೆ ಸೊಂಟದಷ್ಟು. ಅದರ ಕೆಳಗ ಕಲ್ಲು, ಪದರದ ಮ್ಯಾಲ ಪದರ. ಬದುಕಿದ್ದವರಿಗೆ ಇದರಿಂದ ಅನ್ನ ಆಗ್ಯದ, ಸುಳ್ಳಲ್ಲ. ತ್ರಾಸು ಸತ್ತವರಿಗೆ. ನಾವು ಲಿಂಗಾಯತರು ಹೆಣ ಸುಡಂಗಿಲ್ಲ, ಕುಂದ್ರಿಸಿ ಮಣ್ಣು ಮಾಡ್ತೀವಿ. ಸತ್ತವರ ಪಾದದ ಅಳತಿ ಒಂದು ದಾರದಾಗ ತಗೊಂಡು, ಆ ಅಳತೀಲೆ ಇಷ್ಟು ಪಾದ ಅಂತ ಕುಣಿ ತೋಡ್ತಾರ. ಮಣ್ಣಿನ ಊರಾಗ ಇದು ಮೂರು ತಾಸಿನ ಕೆಲಸ. ನಮ್ಮೂರಾಗ ಹಂಗಲ್ಲ. ಮಣ್ಣು ತೆಗೆದಮ್ಯಾಲ ಕಲ್ಲಿನ್ಯಾಗ ಸಂದು ಹುಡುಕಬೇಕು. ಸಂದು ಅಂದ್ರ ಯಾರೂ ಕಡಿದದ್ದಲ್ಲ, ಕಲ್ಲಿಗೆ ತಾನೇ ಬಂದ ಬಿರುಕು. ಅದರಾಗ ಕಬ್ಬಿಣದ ಹಾರಿ ಹಾಕಿ ಮೀಟಿದ್ರ, ಗಂಟಿನ್ಯಾಗಿನ ರೊಟ್ಟಿ ಒಂದೊಂದೇ ಎತ್ತಿದಂಗ ಪರ್ಸಿ ಮ್ಯಾಲ ಬರ್ತದ. ಸಂದು ಸಿಗಲಿಲ್ಲ ಅಂದ್ರ ಮುಗೀತು, ಹತ್ತು ಮಂದಿ ಬಡಿದ್ರೂ ಕಲ್ಲು ಬರೇ ಕಿಡಿ ಕೊಡ್ತದ.

ಇದರ ಮ್ಯಾಲ ನಮ್ಮ ಮಂದಿ ಒಂದು ಮಾತು ಕಟ್ಟ್ಯಾರ. ಕಲ್ಲು ಜಲ್ದಿ ಎದ್ರ, "ಪುಣ್ಯವಂತರು, ಕಲ್ಲು ಹಾದಿ ಕೊಡ್ತು" ಅಂತಾರ. ಏಳಲಿಲ್ಲ ಅಂದ್ರ ಯಾರೂ ಗಟ್ಟಿಯಾಗಿ ಏನೂ ಅನ್ನಂಗಿಲ್ಲ. ಬೇವಿನ ಗಿಡದ ಕೆಳಗ ಕುಂತು ಒಬ್ಬರ ಮಾರಿ ಒಬ್ಬರು ನೋಡ್ತಾರ. ಆ ನೋಟ ಮುಂದ ಇಪ್ಪತ್ತು ವರ್ಷ ಆ ಮನೀ ಮಂದೀನ ಹಿಂಬಾಲಸ್ತದ. ಹೆಣ್ಣು ಕೇಳಲಿಕ್ಕ ಬಂದವರಿಗೂ ಯಾರೋ ಪುಣ್ಯಾತ್ಮರು ಕಿವ್ಯಾಗ ಊದಿರ್ತಾರ.

ಇದು ಮೂಢನಂಬಿಕಿ ಅಂತ ನಾ ಎಷ್ಟು ಸಲ ಹೇಳೀನಿ, ದೇವರಿಗೇ ಗೊತ್ತು. ಮಳಖೇಡದ ಹತ್ತರ ಕಾಗಿಣಾ ಬತ್ತಿದಾಗ ನಮ್ಮ ಸಾಲಿ ಹುಡುಗರನ್ನ ಹೊಳಿಯಾಗ ಇಳಿಸಿ ತೋರಸ್ತಿದ್ದೆ. ಅಲ್ಲಿ ತಳದಾಗ ಕಲ್ಲು ಚೌಕ ಚೌಕ ಆಗಿ ಸೀಳ್ಯದ, ಯಾರೋ ಗೌಂಡಿ ಕುಂತು ಹಾಸಿದಂಗ. "ಇದನ್ನ ಯಾರು ಹಾಸ್ಯಾರ್ರಿ ಟೀಚರ್?" ಅಂತ ಪ್ರತಿ ವರ್ಷ ಒಬ್ಬರಾದ್ರೂ ಕೇಳೂದು. ಯಾರೂ ಹಾಸಿಲ್ಲ, ಅಂತ ಸುರು ಮಾಡ್ತಿದ್ದೆ. ಒಂದು ಕಾಲಕ್ಕ ಇದೆಲ್ಲಾ ಸಮುದ್ರ. ಸುಣ್ಣದ ಕೆಸರು ಪದರಾಗಿ ತಳಕ್ಕ ಕುಂತು, ಅದರ ಮ್ಯಾಲ ಮತ್ತಷ್ಟು ಕುಂತು, ಆ ಭಾರಕ್ಕ ನೀರು ಹಿಂಡಿ ಹೋಗಿ ಕಲ್ಲಾತು. ಭೂಮಿ ಬಾಜೂಕಿನಿಂದನೂ ಒತ್ತತದ. ಕೋಟಿಗಟ್ಟಲೆ ವರ್ಷ ಮಳಿ ಗಾಳಿಗೆ ಮ್ಯಾಲಿನ ಭಾರ ಸವದು ಹೋತು. ಕೆಳಗಿನ ಕಲ್ಲು ಮ್ಯಾಲ ಬಂತು, ತಣ್ಣಗಾತು, ಮೈ ಸಡಿಲ ಬಿಡ್ತು. ರಬ್ಬರ್ ಆಗಿದ್ರ ಹಿಗ್ಗತಿತ್ತು. ಕಲ್ಲಿಗೆ ಹಿಗ್ಗಲಿಕ್ಕ ಬರಂಗಿಲ್ಲ, ಅದಕ್ಕ ಬಿರೀತು. ಒತ್ತು ಯಾವ ಕಡೆ ಕಡಿಮಿ ಅದನೋ ಆ ಕಡೆ ಬಾಯಿ ತೆರೀತು. ಮೊದಲು ಒಂದು ದಿಕ್ಕಿಗೆ ಸಾಲಾಗಿ, ಆಮ್ಯಾಲ ಅದಕ್ಕ ಅಡ್ಡ ಇನ್ನೊಂದು ಸಾಲು. ಪದರ ತೆಳು ಇದ್ರ ಸಂದು ಹತ್ತ ಹತ್ತರ, ದಪ್ಪ ಇದ್ರ ದೂರ ದೂರ. ಅದಕ್ಕೇ ಚೌಕ ಕಾಣಸ್ತದ, ಚಿಂಚೋಳಿ ಗುಡ್ಡದ ಕೆಂಪು ಕಲ್ಲಿನ್ಯಾಗ ಹಿಂಗ ಕಾಣಂಗಿಲ್ಲ, ಅಂತ ಹೇಳಿ ಮುಗಸ್ತಿದ್ದೆ. ಪರೀಕ್ಷಾಕ್ಕ ಬರದ ಪಾಠ ಅದು, ಆದ್ರೂ ಹುಡುಗರು ಬಾಯಿ ತೆಗೆದು ಕೇಳ್ತಿದ್ದರು.

ಇದನ್ನೇ ನಮ್ಮಪ್ಪಗ ಹೇಳಿದ್ರ ನಗ್ತಿದ್ದ. "ಭಾರ ಹೊತ್ತಾಗ ಕಲ್ಲು ಒಡೀತದ ಅಂತ ನೀವೆಲ್ಲಾ ತಿಳೀತೀರಿ, ಖರೆ ಅದು ಭಾರ ಇಳಿದಾಗೇ ಜಾಸ್ತಿ ಒಡೀತದಪಾ" ಅಂತ ನಾ ದೊಡ್ಡ ವಿದ್ವಾಂಸಳಂಗ ಒಮ್ಮೆ ಅಂದೆ. ಅಪ್ಪ ಬಾಯಾಗಿನ ತಂಬಾಕ ಉಗುಳಿ, "ಎತ್ತೂ ಹಂಗೇ. ಹೇರು ಇದ್ದಾಗ ನಡೀತದ, ಇಳಿಸಿದಮ್ಯಾಲ ಕುಸೀತದ. ಇದಕ್ಕ ಕಾಲೇಜು ಬೇಕಾತೇನು ನಿನಗ?" ಅಂದ. ಅವನ ಕೂಡ ವಾದ ಮಾಡಿ ಗೆದ್ದವರನ್ನ ನಾ ನೋಡಿಲ್ಲ. ಕಲ್ಲಿನ ಮ್ಯಾಲ ಬರಿಗಾಲಿಲೆ ನಾಲ್ಕು ಹೆಜ್ಜಿ ಅಡ್ಡಾಡಿ, ಹಾರಿ ಊರಿ, "ಇಲ್ಲಿ" ಅಂತಿದ್ದ. ಅಲ್ಲೇ ಇರ್ತಿತ್ತು.

ನಮ್ಮವ್ವ ಸತ್ತಾಗ ನಾ ಡಿಗ್ರಿ ಕಡೀ ವರ್ಷದಾಗಿದ್ದೆ, ತಮ್ಮ ಆರನೇ ಕ್ಲಾಸಿನ್ಯಾಗ. ಊರ ಹೊರಗ ಬಿಟ್ಟುಹೋದ ಹಳೀ ಖಣಿಯಾಗ ನೀರು ನಿಂತಿರ್ತದ. ಹೆಣ್ಣಮಕ್ಕಳು ಅಲ್ಲೇ ಅರಿವಿ ಒಗೀತಾರ. ಅವ್ವ ಒಂದು ಮುಂಜಾನಿ ಗಂಟು ಹೊತ್ಕೊಂಡು ಒಬ್ಬಾಕಿನೇ ಹೋಗಿದ್ದಳು. ಮಧ್ಯಾಹ್ನ ಆಕಿನ್ನ ನೀರಿನಿಂದ ಎತ್ತಿದರು. ಅರಿವಿಯೆಲ್ಲಾ ಒಗೆದು, ಹಿಂಡಿ, ದಂಡಿ ಮ್ಯಾಲಿನ ಕಲ್ಲಿಗೆ ಒಣಹಾಕಿದ್ದಳು. ಅಷ್ಟು ಸಾಕಾತು ಮಂದಿಗೆ. ಕಾಲು ಜಾರಿದ್ರ ಅರಿವಿ ಒಗಿಯೂವಾಗ ಜಾರಬೇಕು, ಕೆಲಸ ಮುಗಿಸಿದಾಕಿ ನೀರಿಗೆ ಯಾಕ ಇಳಿದಳು? ಅವ್ವ ಆ ವರ್ಷ ಸರಿಯಾಗಿ ಉಣ್ಣತಿದ್ದಿಲ್ಲ, ಮಾತು ಕಡಿಮಿ ಮಾಡಿದ್ದಳು, ಅದು ಎಲ್ಲಾರಿಗೂ ಗೊತ್ತಿತ್ತು. ಜಾರಿದಳೋ, ಇಳಿದಳೋ, ನನಗ ಇವತ್ತಿಗೂ ಗೊತ್ತಿಲ್ಲ. 

ಆವತ್ತು ಅಪ್ಪ ಕುಣಿ ತೋಡಲಿಕ್ಕ ಯಾರನ್ನೂ ಕರೀಲಿಲ್ಲ. ಖಣಿಯಾಗ ತನ್ನ ಜೋಡಿ ಕೆಲಸ ಮಾಡೂ ದೋಸ್ತ ಒಬ್ಬನನ್ನ ಕರ್ಕೊಂಡು ನಮ್ಮ ಹೊಲಕ್ಕ ಹೋದ. ಆತನಿಗೆ ನಾವು ಚಾಚಾ ಅಂತಿದ್ದೆವು. ಮುಸಲ್ಮಾನರವ, ನಮ್ಮ ಮನೀ ಮನಿಷ್ಯಾ. ಸಂಜೀಕ ನಾವು ಹೆಣ ಹೊತ್ಕೊಂಡು ಹೋಗೂದ್ರಾಗ ಕುಣಿ ತಯಾರಿತ್ತು, ಪರ್ಸಿ ಒಂದರ ಮ್ಯಾಲ ಒಂದು ಚಂದಾಗಿ ಒಟ್ಟಿದ್ದರು. ಅಪ್ಪ ಎಲ್ಲಾರ ಮುಂದ ಅಂದ: "ಹಾರಿ ಹಾಕಿದ್ದೊಂದೇ ಗೊತ್ತು. ಕಲ್ಲು ತಾನೇ ಎದ್ದು ಹಾದಿ ಕೊಡ್ತು." ಅವನ ಎರಡೂ ಕೈಗೆ ಟವೆಲ್ ಸುತ್ತಿತ್ತು. ಹಾರಿ ಜಾರಿತು ಅಂದ. ಮಂತ್ರ ಹೇಳಲಿಕ್ಕ ಬಂದ ಅಯ್ಯನೋರು "ಶಿವಾ ಶಿವಾ, ಸಾಧ್ವಿ" ಅಂದರು. ಆವತ್ತಿನಿಂದ ನಮ್ಮವ್ವನ ಬಗ್ಗೆ ಒಂದು ಕೆಟ್ಟ ಮಾತು ಊರಾಗ ಏಳಲಿಲ್ಲ. ಗಡಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಲಿಕ್ಕಾಗಂಗಿಲ್ಲ ಅಂತಾರ. ಅಪ್ಪ ಅದನ್ನೂ ಮುಚ್ಚಿದ್ದ.

ಕಲ್ಲು ತಾನೇ ಎದ್ದ ಮಾತು ನಾ ನಂಬಿದ್ದೆ. ಪುಣ್ಯದ್ದಲ್ಲ, ಸಂದಿಂದು. ಕುಣಿ ಪಡುವಣ ಗ್ವಾಡಿ ಹುಟ್ಟು ಸಂದಿನ ಮ್ಯಾಲೇ ಸಿಕ್ಕಿರಬೇಕು, ಅದಕ್ಕ ಅಷ್ಟು ಸಲೀಸು ಎದ್ದಾವ ಅಂತ ಲೆಕ್ಕ ಹಾಕಿದ್ದೆ.

ಅಪ್ಪ ಆಮ್ಯಾಲ ಭಾಳ ವರ್ಷ ಬದುಕಿದ. ಕಡೀ ದಿನದಾಗ ದಮ್ಮು ಹತ್ತಿ ಹಾಸಿಗಿ ಹಿಡಿದಾಗ ಒಂದೇ ಮಾತು. "ನನ್ನ ಅವಳ ಬಾಜೂಕ ಇಡ್ರಿ. ಪಡುವಣ ಕಡೆ. ಬ್ಯಾರೆ ಏನೂ ಕೇಳಂಗಿಲ್ಲ." ಖರೇನೇ ಬ್ಯಾರೆ ಏನೂ ಕೇಳಲಿಲ್ಲ, ನೀರು ಸುದ್ದಾ ಕೇಳಿ ಕುಡೀತಿದ್ದಿಲ್ಲ. ಹೋದ ವರ್ಷ ಬ್ಯಾಸಗಿಯಾಗ ಒಂದು ಮುಂಜಾನಿ ಹೋದ. ನಾ ಸೇಡಂದಿಂದ ಬಂದು ಮುಟ್ಟೂದ್ರಾಗ ತಮ್ಮ ಅಂಗಳದಾಗ ಫೋನ್ ಹಿಡ್ಕೊಂಡು, ಕಲ್ಲು ಒಡಿಯೂ ಮಷಿನ್ ತರಸಲಿಕ್ಕತ್ತಿದ್ದ.

"ಯಾಕೋ ಮಷಿನ್?" ಅಂದೆ.

"ಈಗ ಖಣಿಯಾಗೂ ಕಟ್ಟಿಂಗ್ ಮಷಿನ್ನೇ ಅಕ್ಕಾ. ಹಾರಿ ಹಿಡಿಯೂ ಕೈ ಎಲ್ಲವ ಈಗ?"

ನನಗ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಹುಟ್ಟಿದಾಗಿಂದ ಮೂಗಿನ ತುದ್ಯಾಗ ಅದ. "ಆ ಮಷಿನ್ ಬಡಿದ್ರ ಬಾಜೂಕ ಅವ್ವನ ಕುಣಿ ಚೂರು ಚೂರು ಆಗ್ತದ. ತಲಿ ಅದನೋ ಇಲ್ಲೋ ನಿನಗ? ಸಂದು ನಾ ತೋರಸ್ತೀನಿ. ಇಪ್ಪತ್ತೈದು ವರ್ಷದಿಂದ ಮಂದೀ ಮಕ್ಕಳಿಗೆ ತೋರಸೀನಿ, ನಮ್ಮಪ್ಪಗ ತೋರಸಲಿಕ್ಕ ಬರಂಗಿಲ್ಲೇನು?"

ತಮ್ಮ ಫೋನ್ ಇಟ್ಟ. ಅವ ಫ್ಯಾಕ್ಟರ್ಯಾಗ ಲೋಡಿಂಗ್ ಕೆಲಸಕ್ಕ ಇದ್ದಾನ, ನಾ ಓದಿದಾಕಿ ಅನ್ನೂ ಮರ್ಯಾದಿ ಮೊದಲಿಂದ ಭಾಳ. "ಆತಕ್ಕಾ, ನೀ ಹೇಳಿದಂಗ" ಅಂದ.

ಲೆಕ್ಕ ಸರಳ ಇತ್ತು. ನಮ್ಮ ಹೊಲದ ಬಾಂವಿಯಾಗ ನಾ ಸಣ್ಣಾಕಿದ್ದಾಗಿಂದ ನೋಡೀನಿ, ನಾಲ್ಕು ಮೊಳಕ್ಕ ಒಂದು ಸಂದು, ಹೆಚ್ಚು ಕಡಿಮಿ ಇಲ್ಲ. ಅವ್ವನ ಪಡುವಣ ಗ್ವಾಡಿ ಒಂದು ಸಂದು. ಅಲ್ಲಿಂದ ನಾಲ್ಕು ಮೊಳ ಅಳದು ಗೆರಿ ಕೊರದೆ. ಎಂಟು ಮಂದಿ ಹುಡುಗರು ಸೊಂಟದಷ್ಟು ಮಣ್ಣು ತೆಗೆದರು. ಕಲ್ಲು ಕಂಡಿತು, ಸಂದು ಇಲ್ಲ. ಒಂದು ಬಿಳೀ ಗೆರಿ ಇತ್ತು. ಹಾರಿ ಹಾಕಿಸಿದೆ, ಠಣ್ ಅಂತು. ಬಿರುಕೇ ಅದು, ಆದ್ರ ಹಿಂದ ಯಾವಾಗೋ ನೀರಿನಾಗಿನ ಸುಣ್ಣ ತುಂಬಿಕೊಂಡು ಬೆಸಿಗಿ ಹಾಕಿದಂಗ ಕೂಡಿಬಿಟ್ಟಿತ್ತು. ಒಂದು ಮೊಳ ಸರಿಸಿದೆ. ಮತ್ತ ಮಣ್ಣು ತೆಗೆದರು. ಇಲ್ಲ. ಈ ಕಡೆ ಒಂದು ಮೊಳ. ಅಲ್ಲೂ ಇಲ್ಲ. ಬಿಸಲು ತಲಿ ಸುಡಲಿಕ್ಕತ್ತಿತ್ತು, ಹುಡುಗರ ಅಂಗೈಯಾಗ ಬೊಕ್ಕಿ ಎದ್ದವು. ಮನಿಯಾಗ ಅಪ್ಪನ್ನ ಗ್ವಾಡಿಗೆ ಆನಿಸಿ ಕುಂದ್ರಿಸಿದ್ದರು. ಅಯ್ಯನೋರು ಎರಡು ಸಲ ಮಂದಿ ಕಳಿಸಿ ಕೇಳಿದರು. ಹೊತ್ತು ಮುಣಗೂದ್ರಾಗ ಮಣ್ಣಾಗಬೇಕಿತ್ತು.

ಬೇವಿನ ಗಿಡದ ಕೆಳಗ ಮಂದಿ ಕುಂತಿತ್ತು. ಮಾತು ಸಣ್ಣಗ ಸುರು ಆತು. ನಮ್ಮ ಓಣಿ ಮುದುಕಿ ಒಬ್ಬಾಕಿ ಇದ್ದಾಳ, ಊರಿಗೆಲ್ಲಾ ಆಯಿ. ನಾಲಿಗಿಗೆ ಎಲುಬಿಲ್ಲ. "ಹೆಂಡತಿಗೆ ಕೈ ಹಾಕೂದ್ರಾಗ ಎದ್ದಿತ್ತು ಕಲ್ಲು. ಈತಗ ನೋಡವ್ವಾ, ಮುಂಜಾನಿಂದ ಒಪ್ಪಲಿಕ್ಕತ್ತಿಲ್ಲ. ಒಳಗಿಂದು ಯಾರಿಗೆ ಗೊತ್ತು" ಅಂದಳು. ನನಗ ಕೇಳಲಿ ಅಂತೇ ಅಂದಳು.  ನಮ್ಮಪ್ಪ ಯಾರ ಒಂದು ಕಾಳು ಮುಟ್ಟಿದವನಲ್ಲ, ಯಾರಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ. ನಾನೇ ಕುಣಿಯೊಳಗ ಜಿಗಿದು, ಸಲಕಿ ಕಸ್ಕೊಂಡು, ಅವ್ವನ ಕುಣಿ ಅಂಚಿನ ತನಕ ಮಣ್ಣು ಕೆರೀಲಿಕ್ಕ ಹತ್ತಿದೆ. ಆ ಗ್ವಾಡಿಯಿಂದ ಮತ್ತೊಮ್ಮೆ ಸರಿಯಾಗಿ ಅಳೀಬೇಕು ಅಂತ.

ಆ ಹೊತ್ತಿಗೆ ಚಾಚಾ ಬಂದ. ಶಹಾಬಾದಿನ್ಯಾಗ ಮಗಳ ಮನಿಯಾಗ ಇರ್ತಾನ, ಸುದ್ದಿ ತಡಾಗಿ ಮುಟ್ಟಿತ್ತು. ಕಣ್ಣು ಅರ್ಧ ಹೋಗ್ಯಾವ. ಯಾರೋ ಕೈ ಹಿಡಿದು ಕುಣಿಯೊಳಗ ಇಳಿಸಿದರು. ನೀರು ಕುಡೀಲಿಕ್ಕ ಅಂತ ಹುಡುಗರು ಮ್ಯಾಲ ಹತ್ತಿದ್ದರು, ಒಳಗ ನಾವಿಬ್ಬರೇ. ನಾ ಅವ್ವನ ಕುಣಿ ಅಂಚು ಕೈಲೆ ಒರಸಿದೆ.

ಹುಟ್ಟು ಸಂದಿನ ಕಲ್ಲು ನೋಡಿದ್ರ ಗೊತ್ತಾಗ್ತದ. ಸಾವಿರಗಟ್ಟಲೆ ವರ್ಷ ನೀರು ಮಣ್ಣು ಹರಿದು ಅದರ ಮಾರಿ ಹಳದಿ ಆಗಿರ್ತದ, ನುಣ್ಣಗಿರ್ತದ. ಇದು ಹಂಗಿದ್ದಿಲ್ಲ. ಒಳಗಿನ ಕಲ್ಲಿನಂಗ ನೀಲಿ ನೀಲಿ ಇತ್ತು. ಅಂಚಿನುದ್ದಕ್ಕೂ ಗೇಣಿಗೊಂದು ಅರ್ಧ ತೂತು, ಸಾಲಾಗಿ. ಚಾಣ ಬಡಿದು, ಬೆಣಿ ಇಟ್ಟು ಸೀಳಿದ ಗುರ್ತು. 

"ಚಾಚಾ, ಇದು ಕಡಿದದ್ದರಿ."

ಚಾಚಾ ಬಗ್ಗಿ ಆ ತೂತಿನ್ಯಾಗ ಬಟ್ಟು ಇಟ್ಟು ನೋಡಿದ. 

"ಕಲ್ಲು ಏಳಲಿಲ್ಲ ಬೇಟಿ," ಅಂದ. ಅವನ ದನಿ ನನಗಷ್ಟೇ ಕೇಳೂವಂಗ ಇತ್ತು. "ಮೂರು ಕಡೆ ನೋಡಿದೆವು. ಎಲ್ಲೂ ಸಂದು ಸಿಗಲಿಲ್ಲ. ಮಂದಿ ಬರೂದ್ರಾಗ ಆಗಬೇಕು ಅಂತ ನಿಮ್ಮಪ್ಪ ಹುಚ್ಚ ಆಗಿಬಿಟ್ಟಿದ್ದ. ಕೈಯಾಗ ರಕ್ತ ಇಳೀತಿತ್ತು, ಚಾಣ ಬಿಡಲಿಲ್ಲ. 'ಇವತ್ತು ಕಲ್ಲು ಏಳಲಿಲ್ಲ ಅಂದ್ರ ಅವಳು ನೀರಿಗೆ ಇಳಿದಳು ಅಂತಾರ, ನನ್ನ ಮಕ್ಕಳು ಅದನ್ನ ಹೊತ್ಕೊಂಡು ತಿರಗತಾವ' ಅಂದ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡೀಂದ ಕಸಮ್ ತಗೊಂಡ. ಇಷ್ಟು ವರ್ಷ ನನ್ನ ಹೆಂಡತಿಗೂ ಹೇಳಿಲ್ಲ."

 ಮುಂಜಾನಿಂದ ನಾ ಅಳದದ್ದು ಸಂದಿನಿಂದ ಅಲ್ಲ, ಅಪ್ಪ ಹೇಳಿದ ಸುಳ್ಳಿನಿಂದ. ಹುಟ್ಟು ಗ್ವಾಡಿ ಯಾವುದು, ಕಡಿದ ಗ್ವಾಡಿ ಯಾವುದು ಅಂತ ಮುಂಜಾನೇ ನಾಲ್ಕು ಸಲಕಿ ಮಣ್ಣು ತೆಗೆದು ನೋಡಿದ್ರ ಮುಗೀತಿತ್ತು. ನಮ್ಮ ಎಂಟನೇ ಕ್ಲಾಸಿನ ಹುಡುಗರೂ ಹೇಳ್ತಿದ್ದರು. ನಾ ನೋಡಲೇ ಇಲ್ಲ. ಅಪ್ಪನ ಮಾತು ಅಂತ ನಂಬಿದ್ದೆ, ಮ್ಯಾಲ ನನ್ನ ಓದಿನ ಸೊಕ್ಕು ಬ್ಯಾರೆ.

"ಇಲ್ಲಿ ಸಂದು ಎಲ್ಲದರೀ ಚಾಚಾ?"

"ಇಲ್ಲ ಬೇಟಿ. ಪಡುವಣಕ್ಕ ಬದುವಿನ ತನಕ ಒಂದೇ ಹಾಸು. ನಿಮ್ಮಪ್ಪಗೂ ಗೊತ್ತಿತ್ತು."

ಗೊತ್ತಿತ್ತಂತ. ಗೊತ್ತಿದ್ದೂ ಕೇಳಿದ್ದ. ಅವ್ವನ ಬಾಜೂಕ ಕಲ್ಲು ಏಳಂಗಿಲ್ಲ ಅಂತ ಊರಾಗ ಯಾರಿಗಾದರೂ ಗೊತ್ತಿದ್ರ ಅದು ಅವನಿಗೇ. ಆದ್ರೂ ಹಾಸಿಗಿ ಮ್ಯಾಲ ಮಲಗಿ ಅದೊಂದೇ ಕೇಳಿದ್ದ. ಅಪ್ಪಾ, ಯಾಕಪಾ ಕೇಳಿದಿ ಅಂತ ಬಾಯಿ ಬಿಟ್ಟೇ ಅತ್ತೆ. ಮ್ಯಾಲಿದ್ದವರು, ತಂದಿ ಹೋದ ದುಃಖ, ಅಳಲಿ ಅಂತ ಸುಮ್ನಾದರು.

ಚಾಚಾ ಚಾಣ ಹಿಡೀಲಿಕ್ಕ ನೋಡಿದ. ಬಟ್ಟು ಮಡಚಲಿಲ್ಲ. ಹುಡುಗರಿಗೆ ಬೆಣಿ ಇಡಲಿಕ್ಕ ಬರಂಗಿಲ್ಲ. ಮಷಿನ್ ತರಸಿದ್ರ ಬಾಜೂಕಿನ ಕುಣಿ ಒಡೆದು ಈ ತೂತಿನ ಸಾಲು ಊರೆಲ್ಲಾ ನೋಡ್ತದ. ನಮ್ಮೂರಾಗ ಮುದುಕರಿಂದ ಹಿಡಿದು ಎಲ್ಲಾ ಖಣಿಯವರೇ, ಚಾಣದ ಗುರ್ತು ಯಾರಿಗೂ ಹೇಳಿ ಕೊಡಬೇಕಾಗಿಲ್ಲ. ಚಾಚಾ ನನ್ನ ಮುಂಗೈ ಹಿಡಿದ. "ನಾ ಮ್ಯಾಲ ಹತ್ತಿ ಖರೇ ಹೇಳಿಬಿಡ್ತೀನಿ ಬೇಟಿ. ಅಲ್ಲಾ ನನ್ನ ಮಾಫ್ ಮಾಡ್ಲಿ. ನನ್ನ ದೋಸ್ತಗ ಇಂಥಾ ಮಾತು ಅಂತಾರಂದ್ರ ನನಗ ತಡಕೊಳ್ಳಲಿಕ್ಕ ಆಗಂಗಿಲ್ಲ."

ಹೇಳಿದ್ರ ಅಪ್ಪ ಉಳೀತಿದ್ದ. ಅವ್ವ ಮತ್ತ ನೀರಿಗೆ ಬೀಳ್ತಿದ್ದಳು.  ನಾ ಎರಡೂ ಕೈಲೆ ಮಣ್ಣು ಬಾಚಿ ಆ ಅಂಚಿನ ಮ್ಯಾಲ ಹಾಕಿದೆ. ಚಾಚಾ ನೋಡಿದ, ತಾನೂ ಕಾಲಿಲೆ ಮಣ್ಣು ಜಗ್ಗಿದ. ಇಬ್ಬರೂ ಕೂಡಿ ಮುಚ್ಚಿದೆವು.

ಮ್ಯಾಲ ಬಂದು ತಮ್ಮಗ ಹೇಳಿದೆ: "ಹಳ್ಳದ ಕಡೀ ಮೂಲಿಗೆ ಕರೀ ಮಣ್ಣು ಆಳ ಅದ. ಅಲ್ಲಿ ತೋಡ್ರಿ."

"ಅವ್ವನ ಬಾಜೂಕ ಅಂದಿದ್ದಲ್ಲಕ್ಕಾ ಅಪ್ಪ!"

"ಆಗಂಗಿಲ್ಲ."

"ನೀನೇ ಮಷಿನ್ ಬ್ಯಾಡಂದಿ, ನಾನೇ ತೋರಸ್ತೀನಂದಿ. ಮುಂಜಾನಿಂದ ಏನು ತೋರಸಿದಿ?" ಅವ ಎಲ್ಲಾರ ಮುಂದ ಒದರಿದ. ಜೀವಮಾನದಾಗ ನನಗ ಏರು ದನಿಲೆ ಮಾತಾಡಿದವನಲ್ಲ.  ಅವನಿಗೆ ಖರೇ ಹೇಳಬಹುದಿತ್ತು. ಆದ್ರ ಅವ ನನ್ನಕಿಂತ ಸಿಟ್ಟಿನವ, ಹೊಟ್ಟ್ಯಾಗ ಒಂದು ಮಾತು ನಿಲ್ಲಂಗಿಲ್ಲ. ಅಪ್ಪನ ಬಗ್ಗೆ ಯಾರಾದರೂ ಕಡ್ಡಿ ಆಡಿಸಿದ್ರ ಮರುದಿನಾನೇ ಕಟ್ಟೀ ಮ್ಯಾಲ ನಿಂತು ಎಲ್ಲಾ ಹೇಳಿಬಿಡ್ತಾನ. ಅದೂ ಅಲ್ಲದ, ಅವ್ವ ಹೋದಾಗ ಅವ ಸಣ್ಣವ. ಕಲ್ಲು ಹಾದಿ ಕೊಟ್ಟ ಅವ್ವನ ಮಗ ಅಂತೇ ಬೆಳೆದಾನ.

ಹಳ್ಳದ ಮೂಲ್ಯಾಗ ಮಣ್ಣು ಮೆತ್ತಗಿತ್ತು. ಎರಡು ತಾಸಿನ್ಯಾಗ ಕುಣಿ ಆತು. ಅಪ್ಪನ್ನ ಅಲ್ಲಿ ಕುಂದ್ರಿಸಿದೆವು. ಅಲ್ಲಿಂದ ಅವ್ವನ ಕುಣಿ ಕಾಣಸಂಗಿಲ್ಲ, ನಡುವ ಜಾಲಿ ಕಂಟಿ ಬೆಳೆದಾವ.

ಅಪ್ಪನ ಶಿವಗಣಾರಾಧನಿ, ಅಂದ್ರ ತಿಥಿ ಊಟದ ದಿನ ಮನಿ ಅಂಗಳದಾಗ ಪಂಕ್ತಿ ಕುಂತಿತ್ತು. ತಮ್ಮ ಸಾರಿನ ಬಕೀಟು ಹಿಡ್ಕೊಂಡು ಬರ್ತಿದ್ದ, ನಾ ಹೋಳಿಗಿ ಬಡಸ್ತಿದ್ದೆ. ಆಯಿಯ ಎಲೀ ಮುಂದ ನಾ ನಿಂತಾಗ ಆಕಿ ನನ್ನ ಸೆರಗು ಹಿಡಿದಳು.

"ಅಲ್ಲವ್ವಾ, ನೀ ಸಾಲ್ಯಾಗ ಕಲ್ಲಿಂದೇ ಪಾಠ ಹೇಳ್ತಿ ಅಂತಾರಲ್ಲ. ನಿಮ್ಮವ್ವಗ ಎದ್ದ ಕಲ್ಲು ನಿಮ್ಮಪ್ಪಗ ಯಾಕ ಏಳಲಿಲ್ಲ? ಹೇಳು ನೋಡೂಣು."

ಪಂಕ್ತಿ ಉಣ್ಣೂದು ನಿಂತಿತು. ಎಲ್ಲಾರೂ ನನ್ನ ಮಾರೀನೇ ನೋಡಲಿಕ್ಕತ್ತಿದ್ದರು. ಈ ಮಾತು ಇವತ್ತು ಇಲ್ಲೇ ಮುಗೀದಿದ್ರ, ನಾಳಿ ಯಾರೋ ಒಬ್ಬರು ಸಲಕಿ ತಗೊಂಡು ಅವ್ವನ ಕುಣಿ ಅಂಚು ಕೆದರಿ ನೋಡ್ತಾರ ಅಂತ ನನಗ ಗೊತ್ತಿತ್ತು.

"ನಮ್ಮವ್ವ ಪುಣ್ಯವಂತಳು, ಆಯಿ," ಅಂದೆ. "ನಮ್ಮಪ್ಪಂದೇ ಏನೋ ತಪ್ಪಿರಬೇಕು."

ಆಯಿ ಸಮಾಧಾನ ಆದಂಗ ಗೋಣು ಹಾಕಿ, ಇನ್ನೊಂದು ಹೋಳಿಗಿ ಹಾಕಂದಳು. ಹಾಕಿದೆ. ಹಿಂದ ತಿರುಗಿ ನೋಡಿದ್ರ ತಮ್ಮ ಬಕೀಟು ನೆಲಕ್ಕಿಟ್ಟು ನಿಂತಿದ್ದ. ನನ್ನ ಒಮ್ಮೆ ನೋಡಿದ, ಚಪ್ಪಲಿ ಸುದ್ದಾ ಮೆಟ್ಟಿಕೊಳ್ಳದಂಗ ಹೊರಗ ಹೋದ. ಆವತ್ತಿನಿಂದ ಅವ ನನ್ನ ಕೂಡ ಮಾತಾಡಿಲ್ಲ.